ಮೊನ್ನಿ ಅಂದ್ರ ಯಾವತ್ತು?

ಆಗೆಲ್ಲ ಒಂದು ದಿನ ಅಂದರೆ ಪೂರಾ ಒಂದು ದಿನ ಇರುತ್ತಿತ್ತು. ಬೆಳಿಗ್ಗೆ ಹಾಲು ಕಾಯಿಸಿ ಇಳಿಸಿ ತಿರುಗಿ ನೋಡುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗುವ ಈಗಿನ ಹಣೆಬರಹ ಆಗಿನ ದಿನಕ್ಕೆ ಇರಲಿಲ್ಲ. ಬೇಸಿಗೆ ಸೂಟಿಯಲ್ಲಂತೂ ಮಧ್ಯಾಹ್ನ ಉಂಡು ಕೈ ತೊಳೆದರೆ, ಮುಂದೆ ನಾಲ್ಕು ಗಂಟೆ ಆಗುವುದು ಉಂಟೋ ಇಲ್ಲವೋ ಎಂದು ಅನುಮಾನ ಬರುತ್ತಿತ್ತು. ಬಿಸಿಲು ಇಳಿಯುವ ತನಕ ಹೊರಗೆ ಕಾಲಿಡುವ ಹಾಗಿಲ್ಲ. ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಮನೆಯ ತಣ್ಣನೆಯ ಫರಸಿ ಕಲ್ಲಿನ ಮೇಲೆ ಹೊಟ್ಟೆ ಊರಿ ಮಲಗಿ, ಉಪ್ಪು-ಖಾರ ಹಚ್ಚಿದ ಮಾವಿನಕಾಯಿ ಹೋಳು ನೆಕ್ಕುತ್ತ, ಗೋಡೆ ಗಡಿಯಾರದ ದೊಡ್ಡ ಮುಳ್ಳನ್ನೇ ದಿಟ್ಟಿಸುತ್ತಿದ್ದೆ. ಹೋಳು ಮುಗಿದು, ಕೈಗೆ ಹತ್ತಿದ ಖಾರ ನೆಕ್ಕಿ, ಅದೇ ಕೈಯಿಂದ ಕಣ್ಣು ತಿಕ್ಕಿಕೊಂಡು, ಅತ್ತು, ಅವ್ವನ ಕಡೆ ಬೈಸಿಕೊಂಡು, ಮುಖ ತೊಳೆದುಕೊಂಡು ಬಂದು ನೋಡಿದರೂ ಹತ್ತೇ ಮಿನಿಟು ಆಗಿರುತ್ತಿತ್ತು. ನಿಮ್ಮ ಮನೆಯ ಗಡಿಯಾರವೂ ಹಾಗೇ ಇತ್ತು ತಾನೇ?

ನನಗೀಗ ಐವತ್ತೆರಡು. ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಎಣಿಸುವುದೇ ಕಸುಬಾದರೂ ಹೋದ ಹತ್ತು ವರ್ಷ ಎಲ್ಲಿ ಹೋದವು ಎಂದು ಯಾರಾದರೂ ಕೇಳಿದರೆ ಬಾಯಿ ಬಾಯಿ ಬಿಡಬೇಕು. ಯುಗಾದಿಯ ಬೇವು ಇನ್ನೂ ನಾಲಿಗೆಯ ಮೇಲೆ ಇರುವಾಗಲೇ ದೀಪಾವಳಿಯ ಪಟಾಕಿ ಹಾರುತ್ತವೆ. ಎಂಟನೆಯ ಇಯತ್ತೆಯಲ್ಲಿ ನಿನ್ನೆ ಕಿವಿ ಹಿಂಡಿದ ಹುಡುಗ ಇವತ್ತು ಲಗ್ನಪತ್ರಿಕೆ ಹಿಡಿದುಕೊಂಡು ಬಂದು ಕಾಲಿಗೆ ಬೀಳುತ್ತಾನೆ. ಇದೇನು ಸುಟ್ಟ ಕಾಲವೋ, ಇದರ ಬೆನ್ನಿಗೆ ಯಾರು ಬಿದ್ದಿದ್ದಾರೋ ಎಂದು ಮೈಯೆಲ್ಲ ಉರಿಯುತ್ತದೆ.

ಆ ಉರಿ ಮೊದಲ ಸಲ ಹತ್ತಿದ್ದು ನನಗೆ ಒಂಬತ್ತು ವರ್ಷ ಇದ್ದಾಗ, ಒಂದು ಬೇಸಿಗೆಯಲ್ಲಿ. ಆಗ ಸಿಟ್ಟು ತದ್ವಿರುದ್ಧದ್ದು, ಕಾಲ ಸರಿಯುವುದಿಲ್ಲ ಅಂತ. ಆ ಸಿಟ್ಟಿಗೆ ಗುರಿಯಾದವಳು ನಮ್ಮ ಆಯಿ.

ಆಯಿ ಅಂದರೆ ನಮ್ಮಪ್ಪನ ತಾಯಿ. ಅವಳ ಬಾಯಲ್ಲಿ ಕಾಲಕ್ಕೆ ಎರಡೇ ಹೆಸರು. ಆಗಿಹೋದದ್ದೆಲ್ಲ ಮೊನ್ನಿ, ಆಗಬೇಕಾದದ್ದೆಲ್ಲ ನಾಡಿದ್ದ. "ಮೊನ್ನಿ ನಿಮ್ಮಪ್ಪನ ಲಗ್ನದಾಗ ಹಿಂಗ ಬುಂದೇದ ಉಂಡಿ ಮಾಡಿದ್ವಿ" ಎನ್ನುತ್ತಿದ್ದಳು. ಆ ಲಗ್ನವಾಗಿ ಹನ್ನೆರಡು ವರ್ಷ ಆಗಿತ್ತು. ನಾನು ಹುಟ್ಟುವ ಮೊದಲು ಬಿದ್ದ ದೊಡ್ಡ ಮಳೆಯೂ ಮೊನ್ನಿಯದೇ. ಗಂಟು ಕಟ್ಟಿ ಅಟ್ಟಕ್ಕೆ ಎಸೆದಿದ್ದ ಹಳೆಯ ಸೀರೆಗಳನ್ನೆಲ್ಲ ಕೂಡಿಸಿ ಕೌದಿ ಹೊಲೆಯುವುದು ಮಾತ್ರ ನಾಡಿದ್ದ. ಆ ಗಂಟು ನಾನು ಕಾಲೇಜು ಮುಗಿಸಿದಾಗಲೂ ಅಟ್ಟದ ಮೇಲೆಯೇ ಇತ್ತು.

ನನಗೋ ಎಲ್ಲಕ್ಕೂ ವಾರ ಬೇಕು, ತಾರೀಖು ಬೇಕು. "ಆಯಿ, ಮೊನ್ನಿ ಅಂದ್ರ ಯಾವತ್ತು?" ಎಂದು ಬೆನ್ನು ಹತ್ತುತ್ತಿದ್ದೆ.

"ಮೊನ್ನಿ ಅಂದ್ರ ಮೊನ್ನಿ. ಏನ್ ಕೋರ್ಟಿನ್ಯಾಗ ನಿಂತ ಸಾಕ್ಷಿ ಹೇಳಬೇಕಾಗೇತೇನ ನಾ?" ಎಂದು ಆಯಿ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತ ಕೂಡುತ್ತಿದ್ದಳು.

ಧಾರವಾಡದ ಸಪ್ತಾಪುರದಲ್ಲಿ ಆಯಿಯ ತಂಗಿಯ ಮನೆ. ಅವಳನ್ನು ಸಣ್ಣಾಯಿ ಎಂದು ಕರೆಯುತ್ತಿದ್ದೆವು. ಹಿತ್ತಲ ಕಡೆಯ ಒಂದು ಖೋಲಿಯನ್ನು ಅವಳು ಓದುವ ಹುಡುಗಿಯರಿಗೆ ಬಾಡಿಗೆಗೆ ಕೊಡುತ್ತಿದ್ದಳು. ಆ ವರ್ಷ ಅಲ್ಲಿದ್ದವಳು ಕಸ್ತೂರಕ್ಕ, ವಿಜಾಪುರ ಕಡೆಯ ಹಳ್ಳಿಯವಳು. ಎಂ.ಎ. ಓದುತ್ತಿದ್ದಳು. ಅವಳ ಹತ್ತಿರ ಬಣ್ಣ ಹೋದ ಹಸಿರು ಲೇಡೀಸ್ ಸೈಕಲ್ ಇತ್ತು. ಸೈಕಲ್ಲಿಗೆ ಎಷ್ಟೇ ಕೆಸರು ಹತ್ತಿರಲಿ, ಅದರ ಬೆಲ್ಲನ್ನು ಮಾತ್ರ ಫಳಫಳ ಎನ್ನುವಂತೆ ತಿಕ್ಕಿ ಇಡುತ್ತಿದ್ದಳು.

ಆ ಬೇಸಿಗೆಗೆ ಮುಂಚಿನ ದಸರಾ ಸೂಟಿಯಲ್ಲಿ ಎಂಟು ದಿನ ಸಣ್ಣಾಯಿಯ ಮನೆಯಲ್ಲಿದ್ದೆ. ಕಸ್ತೂರಕ್ಕ ದಿನಾ ಸಂಜೆ ಓದು ಮುಗಿಸಿ ನನಗೆ ಸೈಕಲ್ ಕಲಿಸಿದಳು. ಸೀಟನ್ನು ಹಿಂದಿನಿಂದ ಹಿಡಿದು ಓಣಿಯುದ್ದಕ್ಕೂ ಓಡುತ್ತಿದ್ದಳು. ನಾನು ಒಂದೇ ಸಮನೆ ಅರಚುತ್ತಿದ್ದೆ.

"ಅಕ್ಕಾ, ಕೈ ಬಿಡಬ್ಯಾಡ! ಕೈ ಬಿಡಬ್ಯಾಡ!"

"ಬಿಡೂದಿಲ್ಲ, ನೀ ಮುಂದ ನೋಡು. ಗಾಲಿ ಏನ್ ನೋಡ್ತಿ, ಗಾಲಿ ಎಲ್ಲಿ ಓಡಿ ಹೋಕ್ಕೈತಿ?"

ಎಂಟನೆಯ ದಿನ ಎರಡು ಸಲ ಕೈ ಬಿಟ್ಟಳು. ಎರಡು ಸಲವೂ ಹತ್ತು ಮಾರು ಹೋಗಿ ಬಿದ್ದೆ. ಮೊಣಕಾಲು ಒಡೆಯಿತು. ಮರುದಿನ ಅಪ್ಪ ಕರೆಯಲು ಬಂದಾಗ ಕಸ್ತೂರಕ್ಕ ನನ್ನ ಜಡೆ ಎಳೆದು ಹೇಳಿದಳು:

"ಇನ್ನ ಒಂದ ದಿನಾ ಸಿಕ್ಕಿದ್ರ ಸಾಕಿತ್ತ ನೋಡು ಸುಶೀ, ನಿನಗ ಬಂದಬಿಡತಿತ್ತು. ಬ್ಯಾಸಗಿ ಸೂಟ್ಯಾಗ ಲಗೂನ ಬಾ. ಪರೀಕ್ಷಾ ಮುಗಿಸಿ ನಾ ಊರಿಗೆ ಹೋಗಾಕಿ, ಮತ್ತ ಬರಾಂಗಿಲ್ಲ. ಅಷ್ಟರಾಗ ಬಾ."

"ಖರೇನ ಕಲಸ್ತೀಯೇನ?"

"ಖರೇ. ನೀ ಬರೂತನಕ ಹಾದಿ ನೋಡ್ತೇನಿ."

ಆ ಮಾತನ್ನು ಆರು ತಿಂಗಳು ಜೋಪಾನ ಮಾಡಿದೆ. ಬೇಸಿಗೆ ಸೂಟಿ ಬಿಟ್ಟ ದಿನವೇ ಪಾಟಿಚೀಲ ಮೂಲೆಗೆ ಎಸೆದು ಕೇಳಿದೆ: "ಆಯಿ, ಧಾರವಾಡಕ್ಕ ಯಾವಾಗ ಹೋಗೂದು?"

"ನಾಡಿದ್ದ ಹೋಗೂಣು."

ನಾನು ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ಎಣಿಸಿದೆ. ನಾಳೆ ಒಂದು, ನಾಡಿದ್ದು ಎರಡು. ಎರಡು ದಿನ ಬಿಟ್ಟು ತಲೆ ಬಾಚಿಕೊಂಡು, ರಿಬ್ಬನ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತರೆ ಆಯಿ ಹಪ್ಪಳ ಲಟ್ಟಿಸುತ್ತ ಕೂತಿದ್ದಾಳೆ!

"ಆಯಿ, ನಾಡಿದ್ದ ಇವತ್ತ!"

"ಹೌದೇನ? ನಾಡಿದ್ದ ಹೋಗೂಣು ತಗೋ."

ಬೇರೆ ಯಾರೂ ಕರೆದುಕೊಂಡು ಹೋಗುವವರಿರಲಿಲ್ಲ. ಅಪ್ಪ ದುರ್ಗದಬೈಲಿನ ಒಂದು ಅರಿವೆ ಅಂಗಡಿಯಲ್ಲಿದ್ದ. ಲಗ್ನಸರಾಯಿಯ ದಿನಗಳು, ಅವನಿಗೆ ಊಟಕ್ಕೂ ಬಿಡುವಿಲ್ಲ. ಅವ್ವನ ಬಗಲಲ್ಲಿ ನಾಲ್ಕು ತಿಂಗಳ ತಮ್ಮ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಏನು ಮಹಾ ದೂರ? ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ಒಂದು ಪೊಟ್ಟಣ ಚುರುಮುರಿ ತಿನ್ನುವಷ್ಟರಲ್ಲಿ ಬರುತ್ತಿತ್ತು. ಆ ಅರ್ಧ ತಾಸಿನ ದಾರಿ ನನಗೆ ಕಾಶಿಗಿಂತ ದೂರವಾಯಿತು. ಒಂದು ನಾಡಿದ್ದಿಗೆ ಪಕ್ಕದ ಮನೆಯ ಬಸುರಿಯ ಕುಬುಸದ ಕಾರ್ಯ ಬಂತು. ಇನ್ನೊಂದು ನಾಡಿದ್ದಿಗೆ ಆಯಿಯ ಮೊಣಕಾಲು ನೋವು ಬಂತು. ಮತ್ತೊಂದಕ್ಕೆ ಏನೂ ಬರಲಿಲ್ಲ, ಬಿಸಿಲು ಬಂತು. ಸಿಟ್ಟಿಗೆ ಒಂದು ದಿನ ಕ್ಯಾಲೆಂಡರಿನ ಮೂರು ಹಾಳೆ ಒಟ್ಟಿಗೆ ಹರಿದೆ.

"ನೀ ಹಾಳಿ ಹರದ್ರ ದಿನಾ ಹೋಗ್ತಾವೇನ ಹುಚ್ಚ ಖೋಡಿ?" ಎಂದು ಆಯಿ ನಕ್ಕಳು.

ಅವಳ ದಿನಗಳು ಹರಿಯದೇ ಹೋಗುತ್ತಿದ್ದವು. ನನ್ನವು ಹರಿದರೂ ಹೋಗುತ್ತಿರಲಿಲ್ಲ. ಓಣಿಯ ಹುಡುಗಿಯರು ಸಂಜೆ ಕುಂಟಲಿಪಿ ಆಡಲು ಕರೆದರೆ ಹೋಗಿ ಒಂಟಿಕಾಲಲ್ಲಿ ನಾಲ್ಕು ಮನೆ ಜಿಗಿದು ವಾಪಸ್ ಬಂದು ಮತ್ತೆ ಆಯಿಯ ಮುಂದೆ ಕೂಡುತ್ತಿದ್ದೆ. ಕಸ್ತೂರಕ್ಕ ಈಗ ಪರೀಕ್ಷೆ ಬರೆಯುತ್ತಿರಬಹುದು, ಈಗ ಮುಗಿದಿರಬಹುದು, ಈಗ ಟ್ರಂಕು ತುಂಬುತ್ತಿರಬಹುದು.

ಇಪ್ಪತ್ತನೆಯ ದಿನ ಸೋಮವಾರ. ಆಯಿಗೂ ಸಾಕಾಗಿರಬೇಕು. ನನ್ನ ತಲೆಯ ಮೇಲೆ ಕೈ ಇಟ್ಟು, "ಈ ಬುಧವಾರ ಹೋಗೂದ ಖರೇ. ನಿನ್ನಾಣಿ" ಎಂದಳು. ಆಣೆ ಹಾಕಿದ ಮೇಲೆ ನಂಬದೆ ಏನು ಮಾಡುವುದು? ಚೀಲದಲ್ಲಿ ಎರಡು ಫ್ರಾಕು ಹಾಕಿದೆ. ಕಸ್ತೂರಕ್ಕನಿಗೆ ಸೇರುತ್ತದೆ ಎಂದು ಅವ್ವನ ಡಬ್ಬಿಯಿಂದ ನಾಲ್ಕು ಶೇಂಗಾದ ಉಂಡಿಯನ್ನೂ ಕಟ್ಟಿಕೊಂಡೆ.

ಬುಧವಾರ ಬೆಳಿಗ್ಗೆ ಆಯಿ ಊರಿಗೆ ಹೋಗುವ ಇಳಕಲ್ ಸೀರೆ ಉಟ್ಟಿದ್ದಳು. ಚಪ್ಪಲಿಗೆ ಕಾಲು ಹಾಕುವುದೊಂದೇ ಬಾಕಿ. ಅಷ್ಟರಲ್ಲಿ ಎದುರು ಮನೆಯ ಗಂಗವ್ವ ಏದುಸಿರು ಬಿಡುತ್ತ ಬಂದು ಶಾವಿಗೆ ಮಷೀನನ್ನು ನಮ್ಮ ಕಟ್ಟೆಯ ಮೇಲೆ ಧೊಪ್ಪನೆ ಇಟ್ಟಳು.

ನಮ್ಮ ಓಣಿಗೆಲ್ಲ ಆ ಮಷೀನು ಒಂದೇ. ಬೇಸಿಗೆಯಲ್ಲಿ ಅದು ಮನೆಯಿಂದ ಮನೆಗೆ ಪಾಳಿಯ ಮೇಲೆ ತಿರುಗುತ್ತಿತ್ತು. ನಮ್ಮ ಪಾಳಿ ಶುಕ್ರವಾರ ಇತ್ತು. ನಡುವಿನ ಮನೆಯವರು ಯಾವುದೋ ಸಾವಿಗೆ ಹೋದದ್ದರಿಂದ ಎರಡು ದಿನ ಮುಂಚೆ ಬಂದುಬಿಟ್ಟಿತ್ತು.

"ಇವತ್ತ ಮಾಡ್ಕೋರಿ ಆಯಿ. ಬಿಟ್ರ ಮತ್ತ ಮುಂದಿನ ವರ್ಷನ ನಿಮ್ಮ ಪಾಳಿ" ಎಂದಳು ಗಂಗವ್ವ.

ಆಯಿ ಮಷೀನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಮಷೀನು ನೋಡಿದಳು. ಆಮೇಲೆ ಒಳಗೆ ಹೋಗಿ ಹಳೆಯ ಸೀರೆ ಉಟ್ಟುಕೊಂಡು ಬಂದಳು.

"ನಾಡಿದ್ದ ಹೋಗೂಣವಾ. ಎರಡ ದಿನಾ ಅಂದ್ರ ಏನು, ಕಣ್ಣ ಮುಚ್ಚಿ ಕಣ್ಣ ತಗಿಯೂದ್ರಾಗ ಹೋಗ್ತಾವ."

ನಾನು ಅಲ್ಲೇ ನಿಂತು ಕಣ್ಣು ಮುಚ್ಚಿದೆ, ತೆಗೆದೆ. ಬುಧವಾರವೇ ಇತ್ತು.

ಇಡೀ ದಿನ ಹಿಡಿಕೆ ತಿರುಗಿಸುವ ಕೆಲಸ ನನಗೇ ಬಿತ್ತು. ಹಲ್ಲು ಕಚ್ಚಿಕೊಂಡು ತಿರುಗಿಸಿದೆ. ನಾದಿದ ರವೆಯ ಹಸಿ ವಾಸನೆ ಮನೆಯೆಲ್ಲ ತುಂಬಿತ್ತು. ಮಾಳಿಗೆಯ ಮೇಲೆ ಬಿದಿರು ಕೋಲುಗಳ ತುಂಬ ಶಾವಿಗೆ ಜೋತುಬಿದ್ದಿತ್ತು. ಗುರುವಾರ ಕಾಗೆ ಕಾಯುವ ಕೆಲಸ. ಕಾಗೆಗಳಿಗೆ ನಾನು ಬೈದ ಬೈಗುಳ ಅರ್ಧ ಆಯಿಗೆ ಸೇರಬೇಕಾದದ್ದು.

ಶುಕ್ರವಾರ ಆಯಿ ಮಾತಿಗೆ ತಪ್ಪಲಿಲ್ಲ. ಸಪ್ತಾಪುರದ ಓಣಿ ಬರುತ್ತಲೇ ಅವಳ ಕೈ ಬಿಡಿಸಿಕೊಂಡು ಓಡಿದೆ. ಸಣ್ಣಾಯಿಯ ಹಿತ್ತಲಲ್ಲಿ ಪೇರಲ ಗಿಡದ ಕೆಳಗೆ ಸೈಕಲ್ ನಿಲ್ಲಿಸುತ್ತಿದ್ದ ಜಾಗ ಖಾಲಿ ಇತ್ತು. ಖೋಲಿಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು.

"ಸಣ್ಣಾಯಿ, ಕಸ್ತೂರಕ್ಕ ಎಲ್ಲಿ?"

"ಅಯ್ಯ, ಅಕಿ ಮೊನ್ನಿ ಹೋದ್ಲಲ್ಲವಾ ಊರಿಗೆ."

"ಮೊನ್ನಿ ಅಂದ್ರ ಯಾವತ್ತು?"

"ಮೊನ್ನಿ ಅಂದ್ರ ಮೊನ್ನಿ."

ಇವಳೂ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ! ಆದರೆ ಆ ಹೊತ್ತಿಗೆ ನನಗೆ ಉತ್ತರ ಬೇಕೇ ಬೇಕಿತ್ತು. ಕಸ್ತೂರಕ್ಕ ಹೋಗಿ ಒಂದು ತಿಂಗಳಾಗಿದ್ದರೆ ಯಾರೂ ಏನೂ ಮಾಡುವಂತಿರಲಿಲ್ಲ. ನಾಲ್ಕು ಹನಿ ಕಣ್ಣೀರು ಹಾಕಿ ಸುಮ್ಮನಾಗುತ್ತಿದ್ದೆ. ಮೊನ್ನಿ ಅಂದರೆ ಖರೇನೇ ಮೊನ್ನೆ ಆಗಿದ್ದರೆ ಮಾತ್ರ ಬೇರೆ. ಸೆರಗು ಹಿಡಿದು ಜಗ್ಗಿದೆ. ಸಣ್ಣಾಯಿ ನೆತ್ತಿ ಕೆರೆದುಕೊಂಡಳು. "ಎಂಟ ದಿನಾ ಆಗಿರಬೇಕೇನ... ಇಲ್ಲ, ಹಾಲಿನಾಕಿ ಬರಲಿಲ್ಲ ನೋಡು ಅವತ್ತ... ಇಲ್ಲ ತಡಿ" ಎಂದಳು. ಆಯಿ ಆಗ ತಾನೇ ಬಂದು ಕಟ್ಟೆಯ ಮೇಲೆ ಕೂತು, "ಯಾವತ್ತರ ಹೋಗಿರ್ಲಿ ಬಿಡವಾ, ನೀರ ಕೊಡು ಮೊದಲ" ಎಂದಳು.

ನೀರು ತರಲು ಒಳಗೆ ಹೋದ ಸಣ್ಣಾಯಿಗೆ ಏನೋ ನೆನಪಾಯಿತು. ಗೋಡೆಯ ಮಾಡದೊಳಗಿಂದ ಒಂದು ಪೊಟ್ಟಣ ತಂದು ಕೊಟ್ಟಳು. ಒಳಗೆ ಸೈಕಲ್ ಬೆಲ್ಲು. ಸುತ್ತಿದ ಕಾಗದದ ಮೇಲೆ ಕಸ್ತೂರಕ್ಕನ ದುಂಡನೆಯ ಅಕ್ಷರ:

"ಬುಧವಾರ, ಮಧ್ಯಾಹ್ನ. ಸುಶೀ, ಪರೀಕ್ಷೆ ಮುಗಿದು ಎಂಟು ದಿನ ಆಯಿತು. ನಿನ್ನ ಹಾದಿ ನೋಡಿ ನೋಡಿ ಇವತ್ತು ಹೊರಟೆ. ಸೈಕಲ್ಲನ್ನು ಅಣ್ಣ ಒಯ್ಯುತ್ತಾನೆ, ಬೆಲ್ಲು ನಿನಗೆ. ಸೈಕಲ್ ಕಲಿತ ದಿನ ನನಗೆ ತಿಳಿಸು."

ಬುಧವಾರ. ಆ ಅಕ್ಕತಂಗಿಯರ ಬಾಯಲ್ಲಿ ಜನ್ಮದಲ್ಲಿ ಒಂದೇ ಸಲ ಮೊನ್ನಿ ಅಂದದ್ದು ನಿಜವಾಗಿಯೂ ಮೊನ್ನೆ ಆಗಿತ್ತು. ನಾನು ಹಿಡಿಕೆ ತಿರುಗಿಸುತ್ತಿದ್ದಾಗ ಅವಳು ಇಲ್ಲಿ ಕೂತು ಇದನ್ನು ಬರೆಯುತ್ತಿದ್ದಳು.

"ನಿನ್ನ ಶಾವಿಗಿ ಮಣ್ಣಾಗ ಹೋಗ್ಲಿ! ನಿನ್ನ ಮಷೀನಿಗೆ ಬೆಂಕಿ ಹತ್ಲಿ!" ಎಂದು ಆಯಿಯ ಮುಂದೆ ನೆಲಕ್ಕೆ ಕಾಲು ಬಡಿದು ಅತ್ತೆ.

ಆಯಿ ಕೈಯಲ್ಲಿ ನೀರಿನ ತಂಬಿಗೆ ಹಿಡಿದುಕೊಂಡು ಗಾಬರಿಯಾಗಿ ನೋಡಿದಳು. "ಎರಡ ದಿನಕ್ಕ ಇಷ್ಟ್ಯಾಕ ಸಿಟ್ಟ ನನ ಕೂಸ?" ಎಂದಳು. ಅವಳಿಗೆ ಖರೇನೇ ತಿಳಿದಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಉರಿಸಿತು.

ಒಂಬತ್ತು ದಿನ ಆಯಿಯ ಸಂಗಡ ಮಾತು ಬಿಟ್ಟೆ. ಶಾವಿಗೆ ಪಾಯಸ ಮಾಡಿ, ತುಪ್ಪ ಹಾಕಿ, ತಾಟು ಮುಂದೆ ತಳ್ಳಿದರೂ ಮುಟ್ಟಲಿಲ್ಲ. ಆ ಒಂಬತ್ತು ದಿನ ನನಗೆ ಒಂದು ಶಿಕ್ಷೆಯ ಹಾಗೆ ಉದ್ದವಾಗಿದ್ದವು. ನಾನು ಬಿ.ಎಸ್ಸಿ. ಓದುವಾಗ ಆಯಿ ಯಾರ ಮುಂದೋ ಹೇಳುವುದನ್ನು ಕೇಳಿಸಿಕೊಂಡೆ: "ನಮ್ಮ ಸುಶೀ ಭಾಳ ಹಟಮಾರಿರಿ. ಮೊನ್ನಿ ಶಾವಿಗಿ ಸಂಬಂಧ ಎರಡ ದಿನಾ ಮಾತ ಬಿಟ್ಟಿದ್ಲು ನನ್ನ ಕೂಡ." ನನ್ನ ಒಂಬತ್ತು ದಿನ ಅವಳ ಹತ್ತಿರ ಎರಡಾಗಿ ಹೋಗಿದ್ದವು. ಈಗ ಆಯಿಯೂ ಇಲ್ಲ, ಸಣ್ಣಾಯಿಯೂ ಇಲ್ಲ. ಸೈಕಲ್ ನಾನು ಆಮೇಲೆ ಕಲಿಯಲೇ ಇಲ್ಲ. ಹಿಂದೆ ಓಡುವವರು ಯಾರಿದ್ದರು? ಈಗಲೂ ಶಾಲೆಗೆ ಆಟೋದಲ್ಲಿ ಹೋಗುತ್ತೇನೆ.

ನನ್ನ ತಮ್ಮನ ಮಗಳು ಪಲ್ಲವಿ ಧಾರವಾಡದಲ್ಲಿ ಮನಃಶಾಸ್ತ್ರ ಓದುತ್ತಾಳೆ. ಹೋದ ಭಾನುವಾರ ನಮ್ಮ ಮನೆಗೆ ಬಂದಿದ್ದಳು. ವರ್ಷಗಳು ಹೇಗೆ ಹಾರಿ ಹೋಗುತ್ತವೆ ನೋಡೇ ಎಂದು ನಾನು ಗೊಣಗಿದ್ದಕ್ಕೆ ಪಾಠ ಶುರುಮಾಡಿದಳು.

"ಒಂಬತ್ತ ವರ್ಷದಾಕಿಗೆ ಒಂದ ವರ್ಷ ಅಂದ್ರ ಆಯುಷ್ಯದಾಗ ಒಂಬತ್ತನೇ ಪಾಲು ಅತ್ತಿ. ನಿನಗ ಐವತ್ತೆರಡನೇ ಪಾಲು. ಸಣ್ಣದು ಅನಸೂದಿಲ್ಲೇನ ಮತ್ತ? ಅದೂ ಅಲ್ದ ಹೊಸಾದು ಏನರ ಆದ್ರ ಮನಸ್ಸು ಹಿಡದಿಟ್ಕೋತೈತಿ. ದಿನಾ ಅದ ಸಾಲಿ, ಅದ ಆಟೋ, ಅದ ಪಲ್ಯಾ ಅಂದ್ರ ಏನ್ ಹಿಡದಿಟ್ಕೋಬೇಕು ಪಾಪ?"

"ನನಗ ಭಾಗಾಕಾರ ಕಲಸಬ್ಯಾಡ. ನಿಂದ್ರಸೂದು ಹೆಂಗ ಅದನ್ನ ಹೇಳು" ಎಂದೆ.

"ಅದ ಪುಸ್ತಕದಾಗ ಇಲ್ಲ."

"ಮತ್ತ ಏನ್ ಓದ್ತಿ ಸುಡಗಾಡ!"

ಪಲ್ಲವಿ ನಕ್ಕಳು. ಅಷ್ಟರಲ್ಲಿ ಷೋಕೇಸಿನೊಳಗಿನ ಬೆಲ್ಲು ಅವಳ ಕಣ್ಣಿಗೆ ಬಿತ್ತು. ಕಥೆಯೆಲ್ಲ ಹೇಳಿದೆ. ಕೊನೆಗೆ, "ಈಗ ಕಸ್ತೂರಕ್ಕನ ನಂಬರ್ ಐತಿ ನನ್ನ ಕಡೆ. ಮೊನ್ನಿ ಒಂದ ಲಗ್ನದಾಗ ಅಕಿ ಕೂಡ ಕೆಲಸಾ ಮಾಡಿದಾಕಿ ಒಬ್ಬಾಕಿ ಸಿಕ್ಕಿದ್ಲು, ನನ್ನ ಫೋನಿಗೆ ಕಳಿಸ್ಯಾಳ. ಮಾತಾಡಬೇಕು ನಾಡಿದ್ದ" ಎಂದೆ.

"ಮೊನ್ನಿ ಅಂದ್ರ ಯಾವತ್ತ ಅತ್ತಿ?" ಎಂದಳು ಪಲ್ಲವಿ. ಅವಳೇನೂ ಚೇಷ್ಟೆಗೆ ಕೇಳಿದ್ದಲ್ಲ.

"ಹೋದ ತಿಂಗಳ ಇರಬೇಕು."

ಅವಳು ನನ್ನ ಫೋನು ತೆಗೆದುಕೊಂಡು ಹುಡುಕಿದಳು. ತಾರೀಖು ತೋರಿಸಿದಳು. ನಂಬರು ಬಂದು ಒಂದು ವರ್ಷ ಹತ್ತು ತಿಂಗಳಾಗಿತ್ತು.

ನಾನು ಎರಡು ಸಲ ಎಣಿಸಿದೆ. ಬೆರಳು ಮಡಚಿ ಎಣಿಸಿದೆ. ಏನು ಮಾಡುತ್ತಿದ್ದೆ ಅಷ್ಟು ದಿನ? ಪೇಪರು ತಿದ್ದಿದ ಮೇಲೆ ಮಾತಾಡೋಣ, ಹಬ್ಬ ಮುಗಿಯಲಿ, ಸುಣ್ಣಬಣ್ಣ ಆಗಲಿ ಎಂದುಕೊಂಡದ್ದು ನೆನಪಾಯಿತು. ಸೈಕಲ್ ಕಲಿತ ದಿನ ತಿಳಿಸು ಎಂದಿದ್ದಳು, ಈಗ ಯಾವ ಬಾಯಿಂದ ಮಾತಾಡಲಿ ಎಂದೂ ಒಂದು ನೆವ. ಎಲ್ಲ ನನ್ನ ಶಾವಿಗೆ ಮಷೀನುಗಳೇ. ಆಯಿಗೆ ಹಾಕಿದ ಬೈಗುಳವೆಲ್ಲ ನನ್ನ ಕಡೆಗೇ ತಿರುಗಿ ಬಂದವು. ಆಯಿಯಾದರೂ ಓದು ಬಾರದವಳು. ನಾನು ಮಕ್ಕಳಿಗೆ ಲೆಕ್ಕ ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುವವಳು.

ಅಲ್ಲೇ ಕೂತು ಫೋನು ಹಚ್ಚಿದೆ. ಒಬ್ಬ ಹೆಣ್ಣುಮಗಳು ಎತ್ತಿದಳು. ಕಸ್ತೂರಕ್ಕ ಇದ್ದಾಳೇನು ಎಂದು ಕೇಳಿದೆ, ಧಾರವಾಡದಲ್ಲಿ ಓದುವಾಗಿನ ಪರಿಚಯ ಎಂದೆ.

ಅವಳು ಮೆಲ್ಲಗೆ ಹೇಳಿದಳು: "ನಾ ಅವರ ಮಗಳ್ರಿ. ಅವ್ವ ತೀರಿಕೊಂಡ್ಲರಿ. ಒಂದ ವರ್ಷ ನಾಕ ತಿಂಗಳ ಹನ್ನೊಂದ ದಿನಾ ಆತ್ರಿ."

ಹನ್ನೊಂದು ದಿನ! ಯಾರೂ ಕೇಳದೆ, ತಡವರಿಸದೆ ಹೇಳಿದಳು. ಕ್ಯಾಲೆಂಡರಿನ ಮುಂದೆ ಬೆರಳಿಟ್ಟುಕೊಂಡು ನಾನೂ ಹಾಗೇ ನಿಲ್ಲುತ್ತಿದ್ದೆ. ದಿನಗಳು ಸರಿಯದೆ ಇದ್ದವರು ಮಾತ್ರ ದಿನಗಳನ್ನು ಹಾಗೆ ಎಣಿಸುತ್ತಾರೆ. ಕಸ್ತೂರಕ್ಕನಿಗೆ ನನ್ನ ನೆನಪಿತ್ತೋ ಇಲ್ಲವೋ ಎಂದು ಕೇಳಲೂ ಧೈರ್ಯ ಬರಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ:

"ಅಯ್ಯ ಶಿವನ, ಅವರ ನಂಬರ್ ನನಗ ಮೊನ್ನಿ ಅಷ್ಟ ಸಿಕ್ಕಿತ್ತಲ್ಲವಾ..."

"ಮೊನ್ನಿ ಅಂದ್ರ ಯಾವತ್ರಿ?" ಎಂದಳು ಆ ಹೆಣ್ಣುಮಗಳು.

ಉತ್ತರ ನನಗೆ ಗೊತ್ತಿತ್ತು. ಕಳೆಯುವ ಲೆಕ್ಕ, ಐದನೆಯ ಇ​ಯತ್ತೆಯ ಮಕ್ಕಳೂ ಮಾಡುತ್ತಾರೆ. ಹೆಚ್ಚುಕಡಿಮೆ ಆರು ತಿಂಗಳು ಆ ನಂಬರು ನನ್ನ ಕೈಯಲ್ಲಿತ್ತು, ಆ ಕಡೆ ಕಸ್ತೂರಕ್ಕ ಇದ್ದಳು. ಒಂದು ದಿನ ಸಾಕಿತ್ತು.